ಪಾಳಿ ತಪ್ಪಿದ ನೀರು

ಹಾಲಬಾವಿಯ ಮೇಲಿನ ಓಣಿಗೆ ಪಾಳಿ ಇಲ್ಲದ ಹೊತ್ತಿನಲ್ಲಿ ನಳದ ನೀರು ಬರತೊಡಗಿ ಇವತ್ತಿಗೆ ಇಪ್ಪತ್ತೆರಡು ದಿನ. ಬರಬೇಕಾದದ್ದು ಬೆಳಿಗ್ಗೆ ಆರಕ್ಕೆ ಒಂದೇ ಸಲ. ಬರುತ್ತಿದ್ದದ್ದು ಹನ್ನೊಂದಕ್ಕೂ ಹೌದು, ಸಂಜೆ ನಾಲ್ಕಕ್ಕೂ ಹೌದು. ಬಂದರೆ ಇಪ್ಪತ್ತು ನಿಮಿಷ, ಆಮೇಲೆ ತಾನಾಗಿಯೇ ಬಂದ್. ಮೇಲಿನ ಓಣಿಯವರು ದೇವರು ಕೊಟ್ಟದ್ದನ್ನು ಯಾಕೆ ಕೇಳಬೇಕೆಂದು ಸುಮ್ಮನೆ ಕೊಡ ತುಂಬಿಸಿಕೊಂಡರು. ಕೆಳಗಿನ ಓಣಿಯವರು ಇದು ಕಳ್ಳತನ ಎಂದರು. ನಡುವೆ ಸಿಕ್ಕಿಬಿದ್ದವನು ಗೌರೀಶ.

ಯಾಕೆಂದರೆ ಪೆಟ್ಟಿಗೆ ಅವನದು. ಕನಕಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ರಫೀ ಎಂಬ ಗೆಳೆಯನ ಜೊತೆ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೌರೀಶ, ಹಾಲಬಾವಿಯ ಪಂಪ್‌ಹೌಸಿಗೆ ಒಂದು ಪೆಟ್ಟಿಗೆ ಮಾಡಿ ಕೊಟ್ಟಿದ್ದ. ಫೋನಿನಿಂದ ಮಿಸ್ ಕಾಲ್ ಕೊಟ್ಟರೆ ಸಾಕು, ಪೆಟ್ಟಿಗೆ ಆ ಕರೆಯನ್ನು ಕಟ್ ಮಾಡಿ ಮೋಟರ್ ಚಾಲೂ ಮಾಡುತ್ತಿತ್ತು. ನೀರು ಬಿಡುವ ವಿರುಪಾಕ್ಷಿಯ ನಂಬರಿನಿಂದ ಕರೆ ಬಂದರೆ ಮೇಲಿನ ಓಣಿಗೆ ನೀರು, ಪಂಚಾಯ್ತಿ ಮೆಂಬರ್ ಕಸ್ತೂರೆಮ್ಮನ ನಂಬರಿನಿಂದ ಬಂದರೆ ಕೆಳಗಿನ ಓಣಿಗೆ. ಬೇರೆ ಯಾರ ಕರೆಗೂ ಪೆಟ್ಟಿಗೆ ಸೊಪ್ಪು ಹಾಕುವುದಿಲ್ಲ ಎಂದು ಗೌರೀಶ ಎದೆ ತಟ್ಟಿ ಹೇಳಿದ್ದ. ನಡುವೆ ಪಂಚಾಯ್ತಿಯ ಸಿಮ್ಮಿಗೆ ರೀಚಾರ್ಜ್ ಮುಗಿದು ಮಂಜೂರಾತಿ ತಡವಾದಾಗ, ಊರಿನ ನೀರು ನಿಲ್ಲಬಾರದೆಂದು ತನ್ನದೇ ಒಂದು ಸಿಮ್ಮನ್ನು ಅದರಲ್ಲಿ ಹಾಕಿದ್ದ. ಅಂಥ ಪರೋಪಕಾರಿ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆ ಪೆಟ್ಟಿಗೆ ಮಾಡಲು ಕೂತ ಗೌರೀಶನಿಗೆ ಆರು ತಿಂಗಳು ಹಗಲು ಗೊತ್ತಿಲ್ಲ, ರಾತ್ರಿ ಗೊತ್ತಿಲ್ಲ. ಮೊದಲು ಪರೀಕ್ಷೆ ಮಾಡಿದ್ದು ಮನೆಯಲ್ಲೇ, ಮೋಟರಿನ ಬದಲು ಒಂದು ಬಲ್ಬು ಕಟ್ಟಿ. ಹೆಂಡತಿ ಸುರೇಖಾ ಅಡುಗೆಮನೆಯಿಂದ ಫೋನ್ ಮಾಡುವುದು, ಪಡಸಾಲೆಯಲ್ಲಿ ಬಲ್ಬು ಹೊತ್ತುವುದು. "ನಾ ಕರದ್ರ ನೀವಂತೂ ಓ ಅನ್ನಂಗಿಲ್ಲ, ಈ ಬಲ್ಬರ ಅಂತೈತಿ" ಎಂದು ಅವಳು ನಕ್ಕಿದ್ದಳು. ಆಗ ನಕ್ಕಿದ್ದಳು. ಪಂಚಮಿಗೆ ಕುಷ್ಟಗಿಯ ತವರಿಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಮಾತ್ರ ನಗಲಿಲ್ಲ. "ನನ್ನ ಜೋಡಿ ನಾಕು ಮಾತು ಆಡಾಕ ನಿಮಗ ಪುರಸೊತ್ತಿಲ್ಲ. ಯಲಬುರ್ಗಾದಾಗ ಹಾಸ್ಟೆಲ್ ಕೆಲ್ಸ ಕರದಾರ. ಹೋಗ್ಲೇನು?" ಎಂದು ಕೇಳಿದಳು.

ಬ್ಯಾಡ ಎನ್ನುವುದಕ್ಕೆ ಎರಡೇ ಅಕ್ಷರ ಸಾಕಿತ್ತು. ಗೌರೀಶ ಉದ್ದ ಮಾತಾಡಿದ. "ಹೋಗೋದಿದ್ರ ಹೋಗು. ನಾ ಅಂತೂ ಫೋನ್ ಮಾಡಿ ಕರೆಯಂಗಿಲ್ಲ. ಬೇಕಾದ್ರ ನೀನ ಮಾಡು" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ಅವನಿಗೆ ತನ್ನ ತಪ್ಪು ಗೊತ್ತಾಗಿತ್ತು. ಆದರೆ ಆಡಿದ ಮಾತನ್ನು ಗಂಡಸು ನುಂಗಬಾರದೆಂದು ಯಾರೋ ಅವನಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಅಂದಿನಿಂದ ಫೋನನ್ನು ಊಟದ ತಾಟಿನ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದ. ಅವಳ ಕರೆ ಒಂದೂ ಬಂದಿರಲಿಲ್ಲ.

ಇವತ್ತು ಪಂಪ್‌ಹೌಸಿನಲ್ಲಿ ಪಂಚಾಯಿತಿಕೆ. ಸಂಜೆಯೊಳಗೆ ಕಳ್ಳ ಸಿಗಬೇಕು, ಇಲ್ಲವಾದರೆ ಪೆಟ್ಟಿಗೆ ಕಿತ್ತು ಹೊರಗೆ ಎಂದು ಕಸ್ತೂರೆಮ್ಮ ಹೇಳಿ ಕಳಿಸಿದ್ದಳು. ಕಳ್ಳ ಯಾರೆಂಬುದೂ ಅವಳ ಪ್ರಕಾರ ಆಗಲೇ ತೀರ್ಮಾನವಾಗಿತ್ತು.

"ಯಾಂವ ಅಂತ ಏನು ಹುಡುಕ್ತೀ ತಮ್ಮಾ? ಈ ವಿರುಪಾಕ್ಷಿ ಮನಿ ಎಲ್ಲೈತಿ? ಮ್ಯಾಲಿನ ಓಣ್ಯಾಗ. ನೀರು ಎಲ್ಲಿ ಬರ್ತೈತಿ? ಮ್ಯಾಲಿನ ಓಣ್ಯಾಗ. ಮುಗೀತಲ್ಲ!" ಎನ್ನುತ್ತ ಅವಳು ನೂರು ಹಾಳೆಯ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದಳು. ಪಾಳಿ ತಪ್ಪಿ ನೀರು ಬಂದ ಒಂದೊಂದು ಹೊತ್ತನ್ನೂ ತಾರೀಖಿನ ಸಮೇತ ಅದರಲ್ಲಿ ಬರೆದಿಟ್ಟಿದ್ದಳು.

"ನಮ್ಮ ಮನೆದೇವ್ರ ಆಣಿ ಮಾಡ್ತೀನಿ ಅಕ್ಕಾರ, ನಾ ಫೋನ್ ಮುಟ್ಟಿಲ್ರಿ" ಎಂದು ವಿರುಪಾಕ್ಷಿ ಅಳುವುದೊಂದು ಬಾಕಿ.

ಮೇಲಿನ ಓಣಿಯ ಅಮರಮ್ಮಜ್ಜಿ ಎರಡು ಖಾಲಿ ಕೊಡ ಹಿಡಿದುಕೊಂಡೇ ಬಂದಿದ್ದಳು. "ಬರೋ ನೀರು ಯಾಕ ನಿಂದರಸ್ತೀರೋ ಯಪ್ಪಾ? ಇಪ್ಪತ್ತು ದಿನಾತು, ನನ್ನ ಹೊದಿಯೋ ಕೌದಿ ಎಲ್ಲಾ ಸ್ವಚ್ಛ ಆಗ್ಯಾವ" ಎಂದಳು. ಅವಳ ಹಿಂದೆ ಅರ್ಧ ಊರೇ ಬಾಗಿಲಲ್ಲಿ ನಿಂತಿತ್ತು.

ಗೌರೀಶ ಹಳೆಯ ಲ್ಯಾಪ್‌ಟಾಪು ತೆಗೆದು, ಪೆಟ್ಟಿಗೆಗೆ ಕೇಬಲ್ ಚುಚ್ಚಿ, ಉಪನ್ಯಾಸಕ್ಕೆ ನಿಂತ. "ನೋಡ್ರಿ, ಇದರೊಳಗ ಸಿಮ್ ಹಾಕೋ ಮೋಡೆಮ್ ಒಂದ ಐತಿ. ಅದರಿಂದ ಬರೋ ತಂತಿನೂ ಒಂದ. ಆದ್ರ ಒಂದ ಕಾಲವಿ ನೀರು ಮೂರು ಹೊಲಕ್ಕ ಪಾಳಿ ಮ್ಯಾಲೆ ಹಾಯಿಸ್ತೀವಲ್ಲ, ಹಂಗ ನಾ ಇದನ್ನ ಮೂರು ದಾರಿ ಮಾಡೀನಿ. ಒಂದನೇ ದಾರ್‍ಯಾಗ ಫೋನ್ ಕರೆ ಬರ್ತಾವ. ಎರಡನೇದ್ರಾಗ ಮೆಸೇಜು. ಮೂರನೇದ್ರಾಗ ಟ್ಯಾಂಕಿನ್ಯಾಗ ನೀರು ಎಷ್ಟೈತಿ ಅಂತ ಪಂಚಾಯ್ತಿ ಆಫೀಸಿಗೆ ಒಂದ ಸಮನ ಹೋಕ್ಕೊಂತ ಇರ್ತೈತಿ."

"ಮೆಸೇಜ್ ಮಾಡಿದ್ರ ಏನಂತೈತಿ?" ಎಂದು ರಫೀ ಎಲ್ಲ ಗೊತ್ತಿದ್ದೂ ಗೆಳೆಯನನ್ನು ಮೆರೆಸಲು ಕೇಳಿದ.

"ಯಾರು ಏನ ಬರೀಲಿ, ಮೊದಲು ಓಕೆ ಅಂತ ಉತ್ತರ ಕೊಡ್ತೈತಿ. ಆಮ್ಯಾಲೆ ಓದ್ತೈತಿ. ನಾನ ಕಲಿಸೀನಿ, ಮರ್ಯಾದಿ ಇರ್ಲಿ ಅಂತ" ಎಂದು ಗೌರೀಶ ಹೆಮ್ಮೆಪಟ್ಟ.

ಇವತ್ತಿನ ಉಪಾಯ ಸರಳವಾಗಿತ್ತು. ಕರೆ ಬಂದ ಕೂಡಲೇ ತಾನಾಗಿ ಕಟ್ ಮಾಡುವ ಪೆಟ್ಟಿಗೆಯ ಚಟವನ್ನು ಇವತ್ತಿಗೆ ನಿಲ್ಲಿಸಬೇಕು, ಕರೆದವರ ನಂಬರನ್ನು ತೋರಿಸು ಎಂದು ಮೋಡೆಮ್ಮಿಗೆ ಆಜ್ಞೆ ಕೊಡಬೇಕು. ಆದರೆ ಆಜ್ಞೆ ಕೊಡಲು ಟ್ಯಾಂಕಿನ ದಾರಿಯನ್ನೇ ಎರವಲು ತೆಗೆದುಕೊಳ್ಳಬೇಕಿತ್ತು. ಆ ದಾರಿಯೋ ಬಾಯಿಬಡುಕಿ. ಅದನ್ನು ಸುಮ್ಮನಾಗಿಸಲು ಒಂದೇ ಮಂತ್ರ: ಒಂದು ಸೆಕೆಂಡು ಯಾವ ಕೀಲಿಯನ್ನೂ ಮುಟ್ಟಬಾರದು, ಆಮೇಲೆ ಮೂರು ಸಲ ಪ್ಲಸ್ ಒತ್ತಬೇಕು, ಮತ್ತೆ ಒಂದು ಸೆಕೆಂಡು ಏನನ್ನೂ ಮುಟ್ಟಬಾರದು. ನಡುವೆ ಒಂದು ಅಕ್ಷರ ಬಿದ್ದರೂ ಮಂತ್ರ ಕೆಟ್ಟು, ಆ ಪ್ಲಸ್ಸುಗಳೇ ಟ್ಯಾಂಕಿನ ಲೆಕ್ಕವಾಗಿ ಆಫೀಸಿಗೆ ಹೋಗಿಬಿಡುತ್ತವೆ.

"ಒಂದ ಸೆಕೆಂಡು, ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಕೈಮುಗಿದು ಮೂರು ಪ್ಲಸ್ ಒತ್ತಿದ. ಏನು ಮಾಡುತ್ತಾನೆಂದು ಬಗ್ಗಿದ ಕಸ್ತೂರೆಮ್ಮನ ಒಂದು ಡಜನ್ ಬಳೆ ಕೀಬೋರ್ಡಿನ ಮೇಲೆ ಇಳಿದವು.

ಎರಡನೇ ಸಲ ವಿರುಪಾಕ್ಷಿ ತನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸಲು ಸರಿಯಾಗಿ ಅದೇ ಗಳಿಗೆ ಆರಿಸಿಕೊಂಡ. "ಈ ಯಂತ್ರದ ಮ್ಯಾಲೆ ಕೈಯಿಟ್ಟು ಹೇಳ್ತೀನಿ" ಎಂದವನು ಅಂಗೈ ಪೂರಾ ಇಟ್ಟು ಹೇಳಿದ.

ಮೂರನೇ ಸಲ ಅಮರಮ್ಮಜ್ಜಿ. "ಎಷ್ಟು ಧೂಳ ಕುಂತೈತೋ ತಮ್ಮಾ ಇದರ ಮ್ಯಾಲೆ, ಹೇಳೋರಿಲ್ಲ ಕೇಳೋರಿಲ್ಲ" ಎಂದು ಸೆರಗಿನಿಂದ ಕೀಬೋರ್ಡನ್ನು ಈ ತುದಿಯಿಂದ ಆ ತುದಿಗೆ ಒರೆಸಿದಳು. ಮನೆಯಲ್ಲಿ ಹೆಂಡತಿ ಇಲ್ಲದ ಗಂಡಸಿನ ಸಾಮಾನು ಹೀಗೇ ಇರುತ್ತದೆ ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ಗೌರೀಶನ ಕಿವಿಗೂ ಬಿತ್ತು.

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಅವಸರದಿಂದ ಜೇಬಿಗೆ ಕೈಹಾಕಿದ. ಸುರೇಖಾ ಅಲ್ಲ, ಪಂಚಾಯ್ತಿ ಸೆಕ್ರೆಟರಿ ಗೋವಿಂದರಾಜ. "ಏನ್ರಿ ಗೌರೀಶ, ಟ್ಯಾಂಕಿನ ಲೆಕ್ಕದಾಗ ಪ್ಲಸ್ ಪ್ಲಸ್ ಪ್ಲಸ್ ಅಂತ ಬರಾಕತ್ತೈತಿ! ಟ್ಯಾಂಕ್ ತುಂಬಿ ಹೊರಗ ಹರ್‍ಯಾಕತ್ತೈತೇನು? ಮೂರು ಸಲ ಬಂತು. ನಾ ಮ್ಯಾಲೆ ವರದಿ ಮಾಡ್ಲೋ ಬ್ಯಾಡೋ?"

"ಬ್ಯಾಡ್ರಿ ಸರ, ಒಂದ ಸೆಕೆಂಡು" ಎಂದು ಗೌರೀಶ ಫೋನಿಟ್ಟ. ಇಟ್ಟವನು ಸುಮ್ಮನೆ ಒಮ್ಮೆ ಬೇರೆ ಕರೆ ಬಂದು ತಪ್ಪಿದೆಯೇನೋ ಎಂದು ನೋಡಿಕೊಂಡ. ಇರಲಿಲ್ಲ.

ನಾಲ್ಕನೇ ಸಲ ಎಲ್ಲರೂ ಸುಮ್ಮನಿದ್ದರು. ಪ್ಲಸ್ಸು ಮೂರೂ ಬಿದ್ದವು. ಇನ್ನರ್ಧ ಸೆಕೆಂಡು ಕಳೆದಿದ್ದರೆ ಆಗಿತ್ತು. "ಎಂಟರ್ ಒತ್ತಾಕ ಮರತಿ ಭಾಯ್" ಎಂದು ರಫೀ ಪ್ರೀತಿಯಿಂದ ಎಂಟರ್ ಒತ್ತಿದ.

ಗೌರೀಶನಿಗೆ ರೇಗಿತು. "ಒಂದು ಸೆಕೆಂಡು ಸುಮ್ಮನಿರಾಕ ಆಗಂಗಿಲ್ಲೇನು ನಿಮಗ? ಒಂದ ಒಂದು ಸೆಕೆಂಡು!" ಎಂದು ಕೂಗಿದ. ಕೂಗಿದ ಮೇಲೆ ತಾನು ಬಸ್‌ಸ್ಟ್ಯಾಂಡಿನಲ್ಲಿ ಆ ಒಂದು ಸೆಕೆಂಡು ಸುಮ್ಮನಿದ್ದಿದ್ದರೆ ಇವತ್ತು ಮನೆಯಲ್ಲಿ ಬಿಸಿ ರೊಟ್ಟಿ ತಿನ್ನುತ್ತಿದ್ದೆನಲ್ಲ ಎನ್ನಿಸಿ ದನಿ ಇಳಿಯಿತು. ಎಲ್ಲರಿಗೂ ಸಾಲಿ ಮಕ್ಕಳ ಹಾಗೆ ಕೈಕಟ್ಟಿ ನಿಲ್ಲಲು ಹೇಳಿದ. ಮೆಂಬರ್ ಕಸ್ತೂರೆಮ್ಮನೂ ಬಳೆ ಹಿಂದಕ್ಕೆ ಸರಿಸಿ ಕೈಕಟ್ಟಿದಳು. ಐದನೇ ಸಲಕ್ಕೆ ಪರದೆಯ ಮೇಲೆ 'ಓಕೆ' ಎಂದು ಮೂಡಿತು. ಊರಿಗೆ ಊರೇ ಹೋ ಎಂದಿತು.

ಮಿಕ್ಕದ್ದು ಸಲೀಸಾಯಿತು. ಕರೆದವರ ನಂಬರ್ ತೋರಿಸು ಎಂದ, ಓಕೆ ಎಂದಿತು. ತಾನಾಗಿ ಕಟ್ ಮಾಡಬೇಡ ಎಂದ, ಅದಕ್ಕೂ ಓಕೆ. ಇಷ್ಟು ವಿಧೇಯವಾದ ಪ್ರಾಣಿಯನ್ನು ಅವನು ಮನೆಯಲ್ಲಿ ಕಂಡಿರಲಿಲ್ಲ, ಕನ್ನಡಿಯಲ್ಲಂತೂ ಕಂಡೇ ಇರಲಿಲ್ಲ.

"ಇನ್ನ ಬರ್ಲಿ ಕಳ್ಳ" ಎಂದು ಗೌರೀಶ ತೋಳೇರಿಸಿದ. "ಎ, ಟಿ, ಎಚ್ ಅಂತ ಮೂರು ಅಕ್ಷರ ಒತ್ತಿದ್ರ ಕರೆ ಕಟ್. ನಿಮ್ಮೆಲ್ಲರ ಮುಂದ ನನ್ನ ಕೈಯಾರೆ ಕಟ್ ಮಾಡ್ತೀನಿ, ನಂಬರ್ ಓದ್ತೀನಿ. ಯಾರ ಆಗಿರ್ಲಿ, ಬಿಡಂಗಿಲ್ಲ!"

"ಹಂಗ ಹೇಳು ತಮ್ಮಾ" ಎಂದಳು ಕಸ್ತೂರೆಮ್ಮ. ವಿರುಪಾಕ್ಷಿ ತನ್ನ ಫೋನನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಅದರಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಗಂಟೆ ನಾಲ್ಕಾಯಿತು. ನಾಲ್ಕು ಹೊಡೆದು ಎರಡು ನಿಮಿಷಕ್ಕೆ ಪರದೆಯ ಮೇಲೆ 'ರಿಂಗ್' ಎಂಬ ಅಕ್ಷರಗಳು ಮೂಡಿದವು. ವಿರುಪಾಕ್ಷಿಯ ಫೋನ್ ಮೇಜಿನ ಮೇಲೆ ಸತ್ತಂತೆ ಬಿದ್ದಿತ್ತು.

"ಬಂತು! ಬಂತು!" ಎಂದು ಎಲ್ಲರೂ ಮುಗಿಬಿದ್ದರು. ಇಷ್ಟು ಹೊತ್ತು ಕಟ್ಟಿದ್ದ ಕೈಗಳೆಲ್ಲ ಬಿಚ್ಚಿದವು. ಅಮರಮ್ಮಜ್ಜಿಯ ತಲೆ ಪರದೆಗೂ ಗೌರೀಶನಿಗೂ ನಡುವೆ ಬಂದು ನಿಂತಿತು. ಎರಡನೇ ರಿಂಗು. ಮೂರನೇ ರಿಂಗು. "ಕಟ್ ಮಾಡೋ, ನಂಬರ್ ಆಮ್ಯಾಲೆ ಓದಿದ್ರಾತು!" ಎಂದು ಕಸ್ತೂರೆಮ್ಮ ಕಿರುಚಿದಳು. ನಾಲ್ಕನೇ ರಿಂಗಿಗೆ ಗೌರೀಶ ಮುದುಕಿಯ ತಲೆಯ ಹಿಂದಿನಿಂದಲೇ ಕೈ ಚಾಚಿ, ಕುರುಡಾಗಿ ಎ, ಟಿ, ಎಚ್ ಒತ್ತಿದ. ರಿಂಗ್ ನಿಂತಿತು. ಚಪ್ಪಾಳೆ ಬಿತ್ತು.

"ಓದು ಈಗ!"

ಅವನು ಅಜ್ಜಿಯನ್ನು ಮೆಲ್ಲಗೆ ಸರಿಸಿ, ಸಭೆಯಲ್ಲಿ ಹರಾಜು ಕೂಗುವವನ ಹಾಗೆ ಗಂಟಲು ಸರಿಮಾಡಿಕೊಂಡು ಓದತೊಡಗಿದ. "ಒಂಬತ್ತು." ಊರು "ಒಂಬತ್ತು" ಎಂದಿತು. "ಏಳು." "ಏಳು!" "ನಾಲ್ಕು, ಮತ್ತ ನಾಲ್ಕು." ಕಸ್ತೂರೆಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಐದನೇ ಅಂಕಿಗೆ ಗೌರೀಶನ ದನಿ ಮೆತ್ತಗಾಯಿತು. ಏಳನೆಯದಕ್ಕೆ ಪಿಸುಮಾತಾಯಿತು. ಕೊನೆಯ ಮೂರು ಅಂಕಿಗಳನ್ನು ಅವನು ಪರದೆ ನೋಡದೆ ಹೇಳಿದ. ಹತ್ತು ವರ್ಷದಿಂದ ಬಾಯಿಪಾಠವಾಗಿದ್ದ ನಂಬರು.

"ಯಾರದು?" ಎಂದಳು ಕಸ್ತೂರೆಮ್ಮ.

"ನಮ್ಮ ಮನ್ಯಾಕಿದು" ಎಂದ ಗೌರೀಶ.

ಅವನಿಗೆ ಒಂದೊಂದಾಗಿ ಎಲ್ಲ ಹೊಳೆಯಿತು. ಪೆಟ್ಟಿಗೆಗೆ ಹಾಕಿದ ಸಿಮ್ಮು ಮನೆಯ ಮಾತಿಗೆಂದು ಇಟ್ಟುಕೊಂಡಿದ್ದ ಹಳೆಯ ನಂಬರಿನದು. ಅದಕ್ಕೆ ಕರೆಯುವವಳು ಅವಳೊಬ್ಬಳೇ, ಅವಳೋ ಹೋದಳು, ಸಿಮ್ಮು ಯಾಕೆ ಸುಮ್ಮನಿರಬೇಕು ಎಂದು ಅವಳು ಹೋದ ದಿನವೇ ಸಿಟ್ಟಿನಲ್ಲಿ ಹಾಕಿದ್ದ. ಜೇಬಿನಲ್ಲಿದ್ದ ಅಂಗಡಿಯ ನಂಬರಿಗೆ ಮಾಡಿಯಾಳು ಎಂದು ಕಾದಿದ್ದ. ಅಂಗಡಿಯ ಫೋನನ್ನು ಅರ್ಧ ಸಲ ಎತ್ತುವವನು ರಫೀ. ಗಂಡ ಹೆಂಡಿರ ಜಗಳದ ಮಾತನ್ನು ಅವಳು ಅದಕ್ಕೆ ಹೇಗೆ ಮಾಡಿಯಾಳು? ಬಲ್ಬಿನ ಪರೀಕ್ಷೆಗೆಂದು ಬರೆದಿದ್ದ ಅವಳ ನಂಬರನ್ನು ಮೇಲಿನ ಓಣಿಯ ಪಟ್ಟಿಯಿಂದ ಅಳಿಸಿರಲೇ ಇಲ್ಲ. ಅವಳು ಕರೆದಾಗಲೆಲ್ಲ ಪೆಟ್ಟಿಗೆ ಫೋನ್ ಕಟ್ ಮಾಡಿ ಮೇಲಿನ ಓಣಿಗೆ ನೀರು ಬಿಟ್ಟಿತ್ತು.

ಕಸ್ತೂರೆಮ್ಮನ ನೋಟ್‌ಬುಕ್ಕನ್ನು ಕಸಿದುಕೊಂಡು ಹಾಳೆ ತಿರುವಿದ. ಮೊದಲ ದಿನ ಸಂಜೆ ಐದೂವರೆ, ಬಸ್ಸು ಕುಷ್ಟಗಿ ಮುಟ್ಟುವ ಹೊತ್ತು. ಆಮೇಲೆ ದಿನವೂ ಹನ್ನೊಂದು, ರೊಟ್ಟಿ ಬಡಿದು ಮುಗಿಸಿ ಅವಳು ಕೂರುವ ಹೊತ್ತು. ದಿನವೂ ನಾಲ್ಕು, ಚಹದ ಹೊತ್ತು. ಅವನ ಹುಟ್ಟುಹಬ್ಬದ ತಾರೀಖಿನ ಎದುರಿಗೆ ಕಸ್ತೂರೆಮ್ಮ ಕೆಂಪು ಶಾಯಿಯಲ್ಲಿ ಬರೆದಿದ್ದಳು: 'ಒಂದೇ ದಿನ ಐದು ಸಲ. ಓಣಿಯೆಲ್ಲಾ ಕೆಸರು.' ಎಣಿಸಿದರೆ ನಲವತ್ತೇಳು ಕರೆ. ಬೇರೆಯವರಿಗೆ ಅದು ತಕರಾರಿನ ಪುಸ್ತಕ. ಅವನು ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

"ನಿಂತಿಯೇನು ನೋಡ್ಕೊಂತ? ಫೋನ್ ಮಾಡೋ!" ಎಂದ ರಫೀ.

ಈ ಸಲ ಗಂಡಸ್ತನ ಅಡ್ಡ ಬರಲಿಲ್ಲ. ಜೇಬಿನ ಫೋನ್ ತೆಗೆದು ಅವಳಿಗೆ ಕರೆ ಮಾಡಿದ. 'ನೀವು ಕರೆ ಮಾಡಿದ ಚಂದಾದಾರರು ಬೇರೆ ಕರೆಯಲ್ಲಿ ನಿರತರಾಗಿದ್ದಾರೆ' ಎಂದಿತು. ಯಾರ ಜೊತೆ ನಿರತಳು ಎಂದು ಅವನು ಹುಬ್ಬುಗಂಟಿಕ್ಕುವಷ್ಟರಲ್ಲಿ ಪರದೆಯ ಮೇಲೆ ಮತ್ತೆ ಮೂಡಿತು: ರಿಂಗ್. ಅದೇ ನಂಬರು. ಇಪ್ಪತ್ತೆರಡು ದಿನದಲ್ಲಿ ಮೊದಲ ಬಾರಿಗೆ ಇವತ್ತು ನಾಲ್ಕು ಸಲ ರಿಂಗಾಗಿತ್ತು. ಅವಳಿಗೆ ಆಸೆ ಹುಟ್ಟಿತ್ತು.

"ಎತ್ತೋ! ಎತ್ತೋ!" ಎಂದಿತು ಊರು.

ಗೌರೀಶ ಎ, ಟಿ, ಎ ಒತ್ತಿದ. ಕರೆ ಎತ್ತುವ ಆಜ್ಞೆ. ಓಕೆ ಎಂದಿತು ಮೋಡೆಮ್. ಕರೆ ಕೂಡಿತು.

ಈಗ ಯಾರೂ ಹೇಳದೆಯೇ ಎಲ್ಲರೂ ಕೈಕಟ್ಟಿದರು. ಆಗಿನಿಂದ ಬೇಡಿದರೂ ಸಿಗದ ಮೌನ ಪಂಪ್‌ಹೌಸಿನಲ್ಲಿ ತುಂಬಿತು. ಅಮರಮ್ಮಜ್ಜಿ ಕೆಮ್ಮನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಒಂದು ಸೆಕೆಂಡು, ಎರಡು, ಹತ್ತು, ಇಪ್ಪತ್ತು.

"ಮಾತಾಡೋ ತಮ್ಮಾ" ಎಂದು ಕಸ್ತೂರೆಮ್ಮ ಮೊದಲ ಬಾರಿಗೆ ಮೆತ್ತಗೆ ಹೇಳಿದಳು. "ಕಾಯಾಕತ್ತಾಳ."

ಗೌರೀಶ ಪೆಟ್ಟಿಗೆಯನ್ನು ನೋಡಿದ. ಮೋಟರಿನ ಪೆಟ್ಟಿಗೆಗೆ ಮಾತು ಯಾಕೆ ಎಂದು ಅವನೇ ಮೈಕು ಹಾಕಿರಲಿಲ್ಲ, ಸ್ಪೀಕರೂ ಹಾಕಿರಲಿಲ್ಲ. "ಇದಕ್ಕ ಬಾಯಿ ಇಲ್ರಿ ಅಕ್ಕಾರ" ಎಂದ. "ಕಿವಿನೂ ಇಲ್ಲ." ಹೇಳಿದವನೇ ತಡೆಯಲಾರದೆ, "ಸುರೇಖಾ! ನಂದ ತಪ್ಪಾತು, ಬಾ!" ಎಂದು ತಗಡಿನ ಪೆಟ್ಟಿಗೆಗೆ ಬಾಯಿ ಹಚ್ಚಿ ಕೂಗಿದ. ಹೊರಗೆ ಬೇವಿನ ಮರದ ಗುಬ್ಬಿಗಳು ಹಾರಿದವು. ಕುಷ್ಟಗಿಯಲ್ಲಿ ಅವಳಿಗೆ ಕೇಳಿಸಿದ್ದು ಬರೀ ಮೌನ. ನಲವತ್ತನೇ ಸೆಕೆಂಡಿಗೆ ಅವಳೇ ಫೋನಿಟ್ಟಳು.

ತಕ್ಷಣ ಅವಳಿಗೆ ಕರೆ ಮಾಡಲು ಅವನು ಜೇಬಿನ ಫೋನ್ ಒತ್ತುತ್ತಿದ್ದಂತೆ ಅದು ಹೊಡೆದುಕೊಂಡಿತು. ಗೋವಿಂದರಾಜ. "ಟ್ಯಾಂಕಿನ ಲೆಕ್ಕ ಪೂರಾ ನಿಂತೈತಲ್ರಿ! ಟ್ಯಾಂಕ್ ಒಡದ ಹೋತೇನು?" ಅವನನ್ನು ಬೈದು ಇಡುವುದರೊಳಗೆ ಲ್ಯಾಪ್‌ಟಾಪಿನಲ್ಲಿ ಎರಡನೇ ದಾರಿಯ ಕಿಟಕಿ ತೆರೆದುಕೊಂಡಿತು. ಮೆಸೇಜು. ಅವಳದೇ.

'ಎತ್ತಿದ್ರೂ ಒಂದ ಮಾತು ಆಡಲಿಲ್ಲ ನೀವು. ಯಲಬುರ್ಗಾದ ಕೆಲ್ಸಕ್ಕ ಎರಡು ವರ್ಷ ಅಂತ ಇವತ್ತ ಸೈ ಮಾಡಬೇಕು. ಮಾಡ್ಲೇನು? ಬ್ಯಾಡ ಅನ್ನೋದಿದ್ರ ಈಗ ಹೇಳ್ರಿ.'

ಗೌರೀಶ ಕೊನೆಯ ಸಾಲು ಓದಿ ಮುಗಿಸುವ ಮುಂಚೆಯೇ ಅದರ ಕೆಳಗೆ ಪೆಟ್ಟಿಗೆ ಅವನ ಹೆಸರಿನಲ್ಲಿ, ಅವನೇ ಕಲಿಸಿದ ಮರ್ಯಾದೆಯಿಂದ, ಉತ್ತರ ಕಳಿಸಿಯಾಗಿತ್ತು.

'ಓಕೆ.'

ಆಮೇಲೆ ಗೌರೀಶ ಹನ್ನೆರಡು ಸಲ ಫೋನ್ ಮಾಡಿದ. ರಫೀ ತನ್ನದರಿಂದ ಮಾಡಿದ, ವಿರುಪಾಕ್ಷಿ ತನ್ನದರಿಂದ ಮಾಡಿದ. ಅವಳ ಫೋನ್ ಸ್ವಿಚ್ ಆಫ್. ಅಮರಮ್ಮಜ್ಜಿ ಖಾಲಿ ಕೊಡಗಳನ್ನು ಕಂಕುಳಿಗೆ ಏರಿಸಿಕೊಂಡು, "ಅಯ್ಯ ನನ ಮಗಳ, ನಿನ್ನ ಕಣ್ಣೀರಿನ್ಯಾಗ ಕೌದಿ ಒಗದ್ನಲ್ಲವ್ವಾ" ಎನ್ನುತ್ತ ಹೊರಟಳು. ಒಬ್ಬೊಬ್ಬರೇ ಚದುರಿದರು.

ಕಸ್ತೂರೆಮ್ಮ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಸಾಲು ಬರೆದು ಅವನ ಮುಂದೆ ಸರಿಸಿದಳು. ಪಂಚಾಯ್ತಿ ನಿಯಮ, ಏನು ಮಾಡುವುದು ಎಂಬಂತೆ ಮುಖ ಬೇರೆ ಕಡೆ ತಿರುಗಿಸಿಕೊಂಡಳು. 'ಪೆಟ್ಟಿಗೆಯಲ್ಲಿ ದೋಷವಿಲ್ಲ. ಪಾಳಿ ಇಲ್ಲದ ನೀರಿನ ಕಾರಣ ಸಿಕ್ಕಿತು. ಇನ್ನು ಮುಂದೆ ಬರುವುದಿಲ್ಲ.'

ಗೌರೀಶ ಓದಿದ. ವಿರುಪಾಕ್ಷಿ ಕೊಟ್ಟ ಪೆನ್ನಿನಿಂದ ಅದರ ಕೆಳಗೆ ಸಹಿ ಮಾಡಿದ.